ಸಂಸದರ ಜಾತಕ ಜಾಲಾಡುವ ತಾಣಗಳು: ಎಲ್ಲಿ ಏನು ಸಿಗುತ್ತದೆ, ಏನು ಸಿಗುವುದಿಲ್ಲ

ಕರ್ನಾಟಕದಿಂದ ಲೋಕಸಭೆಗೆ 28 ಮಂದಿ, ರಾಜ್ಯಸಭೆಗೆ 12 ಮಂದಿ ಹೋಗುತ್ತಾರೆ. ಇವರಲ್ಲಿ ಯಾರ ಬಗ್ಗೆಯೇ ಆಗಲಿ ಮತದಾರ ಕೇಳಬೇಕಾದ ಪ್ರಶ್ನೆ ಮೂರು. ಹಿನ್ನೆಲೆ ಏನು? ದೆಹಲಿಯಲ್ಲಿ ಯಾವುದಕ್ಕೆ ದನಿ ಎತ್ತುತ್ತಾರೆ? ಚುನಾವಣೆಗೆ ದುಡ್ಡು ಎಲ್ಲಿಂದ ಬಂತು? ಇವಕ್ಕೆ ಉತ್ತರ ಹುಡುಕಲು ಚುನಾವಣಾ ಆಯೋಗದ ಪ್ರಮಾಣಪತ್ರ (ಅಫಿಡವಿಟ್) ತಾಣ, ಆ ಅಫಿಡವಿಟ್‌ಗಳನ್ನು ಕೋಷ್ಟಕ ಮಾಡಿ ಕೊಡುವ ಮೈನೇತಾ, ಸಂಸದರ ಸದನದ ಕೆಲಸದ ಅಂಕಿ ಕೊಡುವ ಪಿಆರ್‌ಎಸ್, ಸಂಸತ್ತಿನ ಸಂಸದ್ ತಾಣ, ಸಂಸದರ ನಿಧಿಯ ಲೆಕ್ಕ ತೋರಿಸುವ ಇ-ಸಾಕ್ಷಿ ಇವೆ. ಎಲ್ಲವೂ ಉಚಿತ. ನಮ್ಮ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇವೆ: ಹಿನ್ನೆಲೆ ತಿಳಿಯಲು ಇವು ಬಹಳ ಚೆನ್ನಾಗಿವೆ, ಸದನದ ಕೆಲಸ ತಿಳಿಯಲು ತಕ್ಕಮಟ್ಟಿಗೆ ಸಾಕು. ದುಡ್ಡಿನ ವಿಷಯಕ್ಕೆ ಬಂದರೆ ಪರದೆಯ ಮುಂದೆ ಕೂತು ಕೆಲಸ ಮುಗಿಯದು, ಜಿಲ್ಲಾ ಚುನಾವಣಾಧಿಕಾರಿ ಕಚೇರಿಯ ಮೆಟ್ಟಿಲು ಹತ್ತಲೇಬೇಕು.

ಎಲ್ಲಕ್ಕೂ ಮೂಲ ನಮೂನೆ 26. ನಾಮಪತ್ರದ ಜೊತೆ ಅಭ್ಯರ್ಥಿ ನೋಟರಿಯ ಮುಂದೆ ಪ್ರಮಾಣ ಮಾಡಿ ಕೊಡುವ ಅಫಿಡವಿಟ್ ಇದು. ಅಭ್ಯರ್ಥಿಯ ಆಸ್ತಿ, ಮೊಕದ್ದಮೆ, ಓದು ತಿಳಿಯುವುದು ಮತದಾರರ ಹಕ್ಕು ಎಂದು ಸುಪ್ರೀಂ ಕೋರ್ಟ್ 2002ರ ಮೇ 2ರಂದು ಹೇಳಿತು. ಅದನ್ನು ಮೊಟಕುಗೊಳಿಸಲು ಸಂಸತ್ತು ಜನಪ್ರತಿನಿಧಿ ಕಾಯ್ದೆಗೆ ತಂದ 33ಬಿ ಕಲಮನ್ನು 2003ರ ಮಾರ್ಚ್ 13ರಂದು ಕೋರ್ಟ್ ರದ್ದು ಮಾಡಿತು. ಆ ಮೊದಲ ಪ್ರಕರಣಕ್ಕೆ ಕಾರಣವಾದ ಸಂಸ್ಥೆಯೇ ಎಡಿಆರ್ (ಅಸೋಸಿಯೇಷನ್ ಫಾರ್ ಡೆಮಾಕ್ರಟಿಕ್ ರಿಫಾರ್ಮ್ಸ್). ತ್ರಿಲೋಚನ ಶಾಸ್ತ್ರಿ, ಜಗದೀಪ್ ಛೋಕರ್ ಮುಂತಾದ ಐಐಎಂ ಅಹಮದಾಬಾದಿನ ಪ್ರಾಧ್ಯಾಪಕರು 1999ರಲ್ಲಿ ಕಟ್ಟಿದ್ದು. ಮೈನೇತಾ ನಡೆಸುವವರೂ ಇವರೇ.

ಮೈನೇತಾವನ್ನು ಹುಡುಕುಪಟ್ಟಿ ಎಂದು ಬಳಸಿದರೆ ಅದಕ್ಕೆ ಸಾಟಿ ಇನ್ನೊಂದಿಲ್ಲ. ಕ್ಷೇತ್ರದ ಹೆಸರು ಒತ್ತಿದರೆ ಅಭ್ಯರ್ಥಿಗಳೆಲ್ಲರ ಆಸ್ತಿ, ಸಾಲ, ಮೊಕದ್ದಮೆ, ವಿದ್ಯಾರ್ಹತೆ ಒಂದೇ ಕೋಷ್ಟಕದಲ್ಲಿ ಬರುತ್ತದೆ. ಹಿಂದಿನ ಚುನಾವಣೆಯ ಲೆಕ್ಕದ ಜೊತೆ ಹೋಲಿಸುವ ಅನುಕೂಲವೂ ಇದೆ. ಐದಕ್ಕೆ ನಾಲ್ಕೂವರೆ ಕೊಡಲು ನಮಗೆ ಹಿಂಜರಿಕೆಯಿಲ್ಲ. ಆದರೆ ಅಲ್ಲಿರುವುದು ಅಭ್ಯರ್ಥಿ ತಾನೇ ಬರೆದುಕೊಟ್ಟದ್ದರ ನಕಲು, ತನಿಖೆಯ ವರದಿಯಲ್ಲ. ಬರಹ ಅಸ್ಪಷ್ಟವಾಗಿದ್ದಲ್ಲಿ, ಮೊತ್ತ ತಾಳೆಯಾಗದ ಕಡೆ ಗೊಂದಲ ಉಳಿಯುತ್ತದೆ. ಹಾಗಾಗಿ ಮೈನೇತಾದಲ್ಲಿ ಕಂಡ ಅಂಕಿಯನ್ನು ಎಲ್ಲಾದರೂ ಉಲ್ಲೇಖಿಸುವ ಮುನ್ನ ಆಯೋಗದ ತಾಣದಲ್ಲಿರುವ ಸ್ಕ್ಯಾನ್ ಪ್ರತಿಯನ್ನೇ ತೆರೆದು ನೋಡಿ.

ಆಯೋಗದ ಪ್ರಮಾಣಪತ್ರ ತಾಣದಲ್ಲಿ ಚುನಾವಣೆ, ರಾಜ್ಯ, ಹಂತ, ಕ್ಷೇತ್ರ ಆರಿಸಿದರೆ ಹೆಸರುಗಳು ಬರುತ್ತವೆ. 2024ರಲ್ಲಿ ಕರ್ನಾಟಕಕ್ಕೆ ಎರಡು ಹಂತ, ಏಪ್ರಿಲ್ 26 ಮತ್ತು ಮೇ 7. ಹಂತ ತಪ್ಪಾಗಿ ಆರಿಸಿದರೆ ನಿಮ್ಮ ಕ್ಷೇತ್ರ ಪಟ್ಟಿಯಲ್ಲೇ ಕಾಣದು. ಬಹಳ ಜನ ಎಡವುವ ಇನ್ನೊಂದು ಜಾಗವಿದೆ. ಒಬ್ಬ ಅಭ್ಯರ್ಥಿ ನಾಲ್ಕರವರೆಗೆ ನಾಮಪತ್ರ ಸಲ್ಲಿಸಬಹುದು, ಆದ್ದರಿಂದ ಒಂದೇ ಹೆಸರಿಗೆ ಎರಡು ಮೂರು ಅಫಿಡವಿಟ್ ಇರುತ್ತವೆ. ಮೊದಲನೆಯದರಲ್ಲಿ ಬಿಟ್ಟುಹೋದದ್ದನ್ನು ಕೊನೆಯದರಲ್ಲಿ ಸೇರಿಸಿರುವುದುಂಟು. ಎಲ್ಲವನ್ನೂ ಇಳಿಸಿಕೊಂಡು ಕೊನೆಯದನ್ನು ಆಧಾರವಾಗಿಟ್ಟುಕೊಳ್ಳಿ. ವ್ಯತ್ಯಾಸ ಕಂಡರೆ ಅದನ್ನೂ ಗುರುತು ಮಾಡಿಕೊಳ್ಳಿ.

ಈಗ ಪುಟದೊಳಗೆ ಹೋಗೋಣ. ಮೊದಲಿಗೆ ಪ್ಯಾನ್ ಮತ್ತು ಹಿಂದಿನ ಐದು ವರ್ಷ ಆದಾಯ ತೆರಿಗೆ ವಿವರಣೆಯಲ್ಲಿ ತೋರಿಸಿದ ಆದಾಯ. 2019ರಿಂದ ಈ ಐದು ವರ್ಷದ ಸಾಲು ಕಡ್ಡಾಯ. ಅಡ್ಡ ಕಾಲಂಗಳಲ್ಲಿ ಅಭ್ಯರ್ಥಿ, ಪತಿ ಅಥವಾ ಪತ್ನಿ, ಅವಿಭಕ್ತ ಹಿಂದೂ ಕುಟುಂಬ, ಅವಲಂಬಿತರು. ಮುಂದೆ ಬಾಕಿ ಇರುವ ಮೊಕದ್ದಮೆಗಳು, ಶಿಕ್ಷೆಯಾದ ಪ್ರಕರಣಗಳು. ಆಮೇಲೆ ಚರಾಸ್ತಿ: ಕೈಯಲ್ಲಿರುವ ನಗದು, ಬ್ಯಾಂಕ್ ಠೇವಣಿ, ಷೇರು, ವಿಮೆ, ಬೇರೆಯವರಿಗೆ ಕೊಟ್ಟ ಸಾಲ, ವಾಹನ, ಚಿನ್ನ. ಸ್ಥಿರಾಸ್ತಿಯ ಭಾಗವೇ ಎಲ್ಲಕ್ಕಿಂತ ತಿರುಳಿನದು. ಪ್ರತಿ ಜಮೀನಿಗೂ ಸರ್ವೆ ನಂಬರ್, ವಿಸ್ತೀರ್ಣ, ಪಿತ್ರಾರ್ಜಿತವೋ ಅಲ್ಲವೋ, ಕೊಂಡ ದಿನಾಂಕ, ಕೊಂಡಾಗಿನ ಬೆಲೆ, ಅಭಿವೃದ್ಧಿಗೆ ಹಾಕಿದ ಹಣ, ಈಗಿನ ಅಂದಾಜು ಮಾರುಕಟ್ಟೆ ಬೆಲೆ ಬರೆಯಬೇಕು.

ಪತ್ರಿಕೆಗಳಲ್ಲಿ ಬರುವ ‘ಐದು ವರ್ಷದಲ್ಲಿ ಆಸ್ತಿ ನಾಲ್ಕು ಪಟ್ಟು’ ಎಂಬ ಶೀರ್ಷಿಕೆ ಹೆಚ್ಚಾಗಿ ಈ ಕೊನೆಯ ಕಾಲಮಿನ ಮೇಲೆ ನಿಂತಿರುತ್ತದೆ. ಉದಾಹರಣೆಗೆ, ನಾಲ್ಕು ಎಕರೆ ಜಮೀನನ್ನು ಒಬ್ಬರು ಹಿಂದೆ 40 ಲಕ್ಷ ಎಂದು ತೋರಿಸಿ, ಈಗ ಹೆದ್ದಾರಿ ಬಂದ ಮೇಲೆ 1.6 ಕೋಟಿ ಎಂದು ತೋರಿಸಿದರೆ ಆಸ್ತಿ ನಾಲ್ಕು ಪಟ್ಟಾಯಿತು ನಿಜ, ಆದರೆ ಒಂದು ಗುಂಟೆಯನ್ನೂ ಹೊಸದಾಗಿ ಕೊಂಡಿಲ್ಲ. ಇನ್ನೊಬ್ಬರ ಒಟ್ಟು ಮೊತ್ತ ಹೆಚ್ಚೇನೂ ಏರಿರುವುದಿಲ್ಲ, ಆದರೆ ಎರಡು ಅಫಿಡವಿಟ್‌ಗಳ ನಡುವೆ ಮೂರು ಹೊಸ ಸರ್ವೆ ನಂಬರ್ ಸೇರಿರುತ್ತವೆ, ಅವಕ್ಕೆ ಸಬ್‌ ರಿಜಿಸ್ಟ್ರಾರ್ ದರವನ್ನಷ್ಟೇ ಬರೆದಿರುತ್ತಾರೆ. ಮೊದಲನೆಯವರಿಗಿಂತ ಎರಡನೆಯವರ ಹಾಳೆಯನ್ನು ಹೆಚ್ಚು ಗಮನವಿಟ್ಟು ಓದಬೇಕು. ಆದ್ದರಿಂದ ಎರಡೂ ಚುನಾವಣೆಯ ಸ್ಥಿರಾಸ್ತಿ ಪುಟಗಳನ್ನು ಪಕ್ಕಪಕ್ಕ ಇಟ್ಟು ಮೊತ್ತ ಬಿಟ್ಟು ಸರ್ವೆ ನಂಬರ್ ತಾಳೆ ನೋಡಿ. ಹೊಸದು ಯಾವುದು, ಹೋದದ್ದು ಯಾವುದು, ಹೊಸದರ ಕೊಂಡ ಬೆಲೆ ಎಷ್ಟು, ಅದೇ ವರ್ಷದ ತೆರಿಗೆ ಆದಾಯ ಎಷ್ಟು. ಈ ನಾಲ್ಕು ಸಾಲು ಬರೆದುಕೊಂಡರೆ ಹಿನ್ನೆಲೆಯ ಅರ್ಧ ಕೆಲಸ ಮುಗಿಯಿತು. ಕೃಷಿ ಆದಾಯಕ್ಕೆ ತೆರಿಗೆ ಇಲ್ಲದ್ದರಿಂದ ತೆರಿಗೆ ಆದಾಯದ ಕಾಲಂ ಕಡಿಮೆ ಇದ್ದ ಮಾತ್ರಕ್ಕೆ ಅನುಮಾನಪಡಬೇಡಿ. ಆದಾಯದ ಮೂಲ ಬರೆಯುವ ಪ್ರತ್ಯೇಕ ಸಾಲಿದೆ, ಅದನ್ನೂ ಜೊತೆಗೆ ಓದಿ.

ಸರ್ವೆ ನಂಬರ್ ಸಿಕ್ಕರೆ ಭೂಮಿ ತಾಣದಲ್ಲಿ ಪಹಣಿ ನೋಡಬಹುದು. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಆರಿಸಿದ ಮೇಲೆ ಅಫಿಡವಿಟ್‌ನಲ್ಲಿ 45/2 ಎಂದಿದ್ದರೆ 45ನ್ನು ಸರ್ವೆ ನಂಬರ್ ಜಾಗದಲ್ಲಿ, 2ನ್ನು ಹಿಸ್ಸಾ ಜಾಗದಲ್ಲಿ ಹಾಕಬೇಕು. ನಡುವಿನ ಸರ್ನೋಕ್ ಕಾಲಮಿನಲ್ಲಿ ಸಾಮಾನ್ಯವಾಗಿ ನಕ್ಷತ್ರ ಚಿಹ್ನೆ ಇರುತ್ತದೆ. ಮೂರನ್ನೂ ಒಟ್ಟಿಗೆ ತುಂಬಲು ಹೋಗಿ ‘ಮಾಹಿತಿ ಇಲ್ಲ’ ಎಂದು ಬಂದು ಕೈಬಿಡುವವರು ಬಹಳ. ಪಹಣಿ ನಿವೇಶನಕ್ಕೆ, ಫ್ಲಾಟಿಗೆ ಉಪಯೋಗಕ್ಕೆ ಬರುವುದಿಲ್ಲ. ಮಾರ್ಗಸೂಚಿ ದರವನ್ನು, ಅಂದರೆ ಸಬ್‌ ರಿಜಿಸ್ಟ್ರಾರ್ ದರವನ್ನು, ಕಾವೇರಿ ತಾಣದಲ್ಲಿ ನೋಡಿ ಬರೆದ ಬೆಲೆಯ ಜೊತೆ ಹೋಲಿಸಬಹುದು.

ಮೊಕದ್ದಮೆಯ ಪುಟದಲ್ಲಿ ಸಂಖ್ಯೆಗಿಂತ ಕಲಂ ಮುಖ್ಯ. ಒಬ್ಬರ ಮೇಲೆ ಎಂಟು ಪ್ರಕರಣ ಇದ್ದು ಎಂಟೂ ಐಪಿಸಿ 143, 188, 341 ಆಗಿದ್ದರೆ ಅವು ರಸ್ತೆತಡೆ, ನಿಷೇಧಾಜ್ಞೆ ಮೀರಿ ಮಾಡಿದ ಪ್ರತಿಭಟನೆಯ ಜಾತಿಯವು. ಇನ್ನೊಬ್ಬರ ಮೇಲೆ ಒಂದೇ ಪ್ರಕರಣ, ಅದು 409 (ನಂಬಿಕೆದ್ರೋಹ) ಅಥವಾ 420 (ವಂಚನೆ). ಎಂಟಕ್ಕಿಂತ ಆ ಒಂದು ಭಾರ. ಮೈನೇತಾ ಗಂಭೀರ ಕಲಂಗಳನ್ನು ಬೇರೆಯಾಗಿ ಎಣಿಸಿ ತೋರಿಸುತ್ತದೆ, ಇದು ಅದರ ದೊಡ್ಡ ಉಪಕಾರ. ಐದು ವರ್ಷ ಅಥವಾ ಹೆಚ್ಚು ಶಿಕ್ಷೆಯ ಅಪರಾಧ, ಜಾಮೀನು ರಹಿತ ಅಪರಾಧ, ಭ್ರಷ್ಟಾಚಾರ, ಮಹಿಳೆಯರ ಮೇಲಿನ ದೌರ್ಜನ್ಯ ಮುಂತಾದವು ಆ ಎಣಿಕೆಗೆ ಬರುತ್ತವೆ. 2024ರ ಜುಲೈ 1ರಿಂದ ಐಪಿಸಿ ಬದಲಿಗೆ ಭಾರತೀಯ ನ್ಯಾಯ ಸಂಹಿತೆ ಬಂದದ್ದರಿಂದ ಹೊಸ ಪ್ರಕರಣಗಳಲ್ಲಿ ಸಂಖ್ಯೆ ಬೇರೆ. ಹಳೆಯ 420 ಈಗ 318(4), ಹಳೆಯ 188 ಈಗ 223. ಎರಡು ಅಫಿಡವಿಟ್ ಹೋಲಿಸುವಾಗ ಇದು ತಲೆಯಲ್ಲಿರಲಿ.

ಪ್ರಕರಣದ ಈಗಿನ ಸ್ಥಿತಿ ಇ-ಕೋರ್ಟ್ಸ್ ತಾಣದಲ್ಲಿ ಸಿಗುತ್ತದೆ. ಊರಿನ ನ್ಯಾಯಾಲಯದಲ್ಲಿ ಹುಡುಕಿ ಸಿಗದಿದ್ದರೆ ಪ್ರಕರಣ ಬಿದ್ದುಹೋಯಿತು ಎಂದುಕೊಳ್ಳಬೇಡಿ. ಜನಪ್ರತಿನಿಧಿಗಳ ಮೇಲಿನ ಪ್ರಕರಣಗಳು ಬೆಂಗಳೂರಿನ ವಿಶೇಷ ನ್ಯಾಯಾಲಯಕ್ಕೆ ಹೋಗಿರಬಹುದು, ಅಲ್ಲಿ ನೋಡಿ. ಹೈಕೋರ್ಟಿನಲ್ಲಿ ರದ್ದತಿ ಅರ್ಜಿ ಇದೆಯೇ ಎಂದೂ ಹೆಸರು ಹಾಕಿ ನೋಡಿ. ಎರಡು ವರ್ಷ ಅಥವಾ ಹೆಚ್ಚಿನ ಶಿಕ್ಷೆಯಾದರೆ ಸ್ಥಾನ ಕೂಡಲೇ ಹೋಗುತ್ತದೆ ಎಂಬ ನಿಯಮ 2013ರ ಜುಲೈ 10ರ ಲಿಲಿ ಥಾಮಸ್ ತೀರ್ಪಿನಿಂದ ಬಂದದ್ದು.

ಅಫಿಡವಿಟ್‌ನ ದೊಡ್ಡ ಕೊರತೆಯನ್ನೂ ಹೇಳಬೇಕು. ಕಾಲಂ ಖಾಲಿ ಬಿಟ್ಟರೆ, ತಿಳಿಸಿದ ಮೇಲೂ ತುಂಬದಿದ್ದರೆ ನಾಮಪತ್ರ ತಿರಸ್ಕರಿಸಬಹುದು ಎಂದು 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ತುಂಬಿದ್ದು ಸುಳ್ಳು ಎಂಬ ಕಾರಣಕ್ಕೆ ಚುನಾವಣಾಧಿಕಾರಿ ತಿರಸ್ಕರಿಸುವಂತಿಲ್ಲ. ಸುಳ್ಳು ಹೇಳಿದ್ದಕ್ಕೆ ಜನಪ್ರತಿನಿಧಿ ಕಾಯ್ದೆಯ 125ಎ ಕಲಮಿನಡಿ ಇರುವುದು ಆರು ತಿಂಗಳವರೆಗಿನ ಜೈಲು ಅಥವಾ ದಂಡ ಅಥವಾ ಎರಡೂ. ಇಡೀ ವ್ಯವಸ್ಥೆ ನಿಂತಿರುವುದು ಈ ಕಾಗದದ ಮೇಲೆ, ಅದನ್ನು ಕಾಯುವ ಬೇಲಿ ಇಷ್ಟು ತೆಳು. ಇದನ್ನು ಬಿಗಿ ಮಾಡಲೇಬೇಕು ಎಂಬುದು ನಮ್ಮ ಗಟ್ಟಿ ಅಭಿಪ್ರಾಯ.

ಸದನದ ಕೆಲಸಕ್ಕೆ ಬರೋಣ. 2005ರಲ್ಲಿ ಶುರುವಾದ ಪಿಆರ್‌ಎಸ್ ಪ್ರತಿ ಸಂಸದರ ಹಾಜರಾತಿ, ಚರ್ಚೆ, ಪ್ರಶ್ನೆ, ಖಾಸಗಿ ಮಸೂದೆಗಳನ್ನು (ಮಂತ್ರಿಯಲ್ಲದ ಸದಸ್ಯರು ತರುವ ಮಸೂದೆ) ರಾಷ್ಟ್ರ ಮತ್ತು ರಾಜ್ಯದ ಸರಾಸರಿಯ ಜೊತೆ ಇಟ್ಟು ತೋರಿಸುತ್ತದೆ. ಪುಟ ಅಚ್ಚುಕಟ್ಟು, ಅಂಕಿ ಸಂಸತ್ತಿನ ದಾಖಲೆಯದ್ದೇ. ಆದರೆ ಹಾಜರಾತಿ ಎಂದರೆ ಪುಸ್ತಕಕ್ಕೆ ಹಾಕಿದ ಸಹಿ, ಬೆಳಗಿನಿಂದ ಸಂಜೆವರೆಗೆ ಕೂತ ಲೆಕ್ಕವಲ್ಲ. ಮಂತ್ರಿಗಳು ಸಹಿ ಮಾಡುವುದಿಲ್ಲ, ಪ್ರಶ್ನೆ ಕೇಳುವುದೂ ಇಲ್ಲ. ವಿರೋಧ ಪಕ್ಷದ ನಾಯಕರಿಗೂ ಸಹಿಯ ಕಡ್ಡಾಯವಿಲ್ಲ. ಅವರ ಪುಟದಲ್ಲಿ ಅಂಕಿ ಇಲ್ಲದಿದ್ದರೆ ಅದು ಸೋಮಾರಿತನದ ಗುರುತಲ್ಲ.

ಪ್ರಶ್ನೆಗಳ ಎಣಿಕೆಯನ್ನಂತೂ ಕುರುಡಾಗಿ ನಂಬಬೇಡಿ. ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆ, 230 ಚುಕ್ಕೆ ರಹಿತ ಪ್ರಶ್ನೆ. ಚುಕ್ಕೆ ಗುರುತಿನದ್ದಕ್ಕೆ ಮಂತ್ರಿ ಎದ್ದು ನಿಂತು ಉತ್ತರಿಸಬೇಕು, ಮರುಪ್ರಶ್ನೆ ಕೇಳಬಹುದು. ಉಳಿದವಕ್ಕೆ ಲಿಖಿತ ಉತ್ತರ ಅಷ್ಟೇ. ಯಾವುದು ಬರುತ್ತದೆ ಎಂಬುದು ಲಾಟರಿ, ಸದಸ್ಯರ ಕೈಯಲ್ಲಿಲ್ಲ. ಒಂದೇ ಪ್ರಶ್ನೆಗೆ ಹಲವು ಸದಸ್ಯರ ಹೆಸರು ಸೇರಿರುವುದೂ ಉಂಟು, ಆಗ ಎಲ್ಲರ ಲೆಕ್ಕಕ್ಕೂ ಒಂದೊಂದು ಸೇರುತ್ತದೆ. ಮುನ್ನೂರು ಪ್ರಶ್ನೆ ಕೇಳಿದವರಿಗಿಂತ ಅರವತ್ತು ಕೇಳಿದವರು ಕ್ಷೇತ್ರಕ್ಕೆ ಹೆಚ್ಚು ದುಡಿದಿರಬಹುದು.

ಆದ್ಯತೆ ಏನೆಂದು ನಿಜವಾಗಿ ತಿಳಿಯಬೇಕಾದರೆ ಸಂಸದ್ ತಾಣಕ್ಕೆ ಹೋಗಿ ಸದಸ್ಯರ ಹೆಸರಿನಲ್ಲಿ ಪ್ರಶ್ನೆಗಳ ಪಟ್ಟಿ ತೆರೆಯಿರಿ. ಎರಡು ಅಧಿವೇಶನದ ಪ್ರಶ್ನೆಗಳನ್ನು ಸಚಿವಾಲಯದ ಪ್ರಕಾರ ಬಿಡಿಸಿ ಹಾಕಿ: ರೈಲ್ವೆಗೆ ಎಷ್ಟು, ಜಲಶಕ್ತಿಗೆ ಎಷ್ಟು, ಕೃಷಿಗೆ ಎಷ್ಟು. ನಂತರ ಪ್ರಶ್ನೆಯ ಮಾತನ್ನೇ ಓದಿ. ‘ದೇಶದಲ್ಲಿ ಎಷ್ಟು ವೈದ್ಯಕೀಯ ಕಾಲೇಜುಗಳಿವೆ’ ಎಂಬುದು ಯಾರು ಬೇಕಾದರೂ ಕೇಳಬಹುದಾದ ಪ್ರಶ್ನೆ. ಒಂದು ರೈಲು ಮಾರ್ಗದ ಹೆಸರು ಹಿಡಿದು, ಭೂಸ್ವಾಧೀನ ಎಷ್ಟು ಎಕರೆ ಬಾಕಿ, ಹಣ ಬಿಡುಗಡೆ ಎಷ್ಟು, ಮುಗಿಯುವ ದಿನಾಂಕ ಯಾವುದು ಎಂದು ಕೇಳಿ, ಮುಂದಿನ ಅಧಿವೇಶನದಲ್ಲಿ ಅದನ್ನೇ ಮತ್ತೆ ಕೆದಕಿದ್ದರೆ ಅದು ಆದ್ಯತೆ. ಮಂತ್ರಿ ‘ಪರಿಶೀಲಿಸುತ್ತೇವೆ’ ಎಂಬಂಥ ಮಾತು ಕೊಟ್ಟಿದ್ದರೆ ಅದು ಭರವಸೆಯೆಂದು ದಾಖಲಾಗಬಹುದು, ಅಂಥದ್ದನ್ನು ಮೂರು ತಿಂಗಳಲ್ಲಿ ಈಡೇರಿಸಬೇಕು, ನೋಡಿಕೊಳ್ಳಲು ಸಂಸತ್ತಿನಲ್ಲಿ ಪ್ರತ್ಯೇಕ ಸಮಿತಿಯೇ ಇದೆ. ಶೂನ್ಯವೇಳೆ ಮತ್ತು ನಿಯಮ 377ರಡಿ ಎತ್ತಿದ ವಿಷಯಗಳನ್ನೂ ಬಿಡಬೇಡಿ. ಕ್ಷೇತ್ರದ ಕಷ್ಟ ಹೆಚ್ಚಾಗಿ ಕೇಳಿಬರುವುದು ಅಲ್ಲಿಯೇ.

ಮತ ಹಾಕಿದ ದಾಖಲೆಯಿಂದ ಸಂಸದರ ನಿಲುವು ತಿಳಿಯಬಹುದೇ? ಬಹುಮಟ್ಟಿಗೆ ಇಲ್ಲ. ಹೆಚ್ಚಿನ ಮಸೂದೆಗಳು ಧ್ವನಿಮತದಲ್ಲಿ ಪಾಸಾಗುತ್ತವೆ, ಯಾರು ಏನೆಂದರು ಎಂಬುದು ಎಲ್ಲಿಯೂ ಉಳಿಯುವುದಿಲ್ಲ. ಸಂವಿಧಾನ ತಿದ್ದುಪಡಿಗೆ ವಿಶೇಷ ಬಹುಮತ ಬೇಕಾದ್ದರಿಂದ ಎಣಿಕೆ ನಡೆಯುತ್ತದೆ. 2023ರ ಸೆಪ್ಟೆಂಬರ್ 20ರಂದು ಮಹಿಳಾ ಮೀಸಲಾತಿ ಮಸೂದೆಗೆ ಲೋಕಸಭೆಯಲ್ಲಿ 454 ಪರ, 2 ವಿರುದ್ಧ ಬಿದ್ದದ್ದು ಹಾಗೆ ದಾಖಲಾಯಿತು. ಅಲ್ಲಿಯೂ 1985ರ ಪಕ್ಷಾಂತರ ನಿಷೇಧ ಕಾಯ್ದೆಯ ಕಾರಣ ವಿಪ್ ಮೀರಿದರೆ ಸದಸ್ಯತ್ವವೇ ಹೋಗಬಹುದು, ಹಾಗಾಗಿ ಮತ ಪಕ್ಷದ್ದು. ಸದಸ್ಯರ ಸ್ವಂತ ಮನಸ್ಸು ಕಾಣುವುದು ಪ್ರಶ್ನೆಯಲ್ಲಿ, ಖಾಸಗಿ ಮಸೂದೆಯಲ್ಲಿ, ಸ್ಥಾಯಿ ಸಮಿತಿಯ ಕೆಲಸದಲ್ಲಿ. ಖಾಸಗಿ ಮಸೂದೆ ಕಾಯ್ದೆಯಾದದ್ದು 1970ರ ನಂತರ ಒಂದೂ ಇಲ್ಲ. ಆದರೂ ಯಾರು ಯಾವ ವಿಷಯಕ್ಕೆ ಕರಡು ಬರೆಸಿದರು ಎಂಬುದು ಓದಲು ಯೋಗ್ಯ.

ಇ-ಸಾಕ್ಷಿ ಬಗ್ಗೆ ಎರಡೇ ಮಾತು. ಸಂಸದರ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 5 ಕೋಟಿ, 2023ರ ಏಪ್ರಿಲ್‌ನಿಂದ ಲೆಕ್ಕವೆಲ್ಲ ಈ ತಾಣದಲ್ಲಿ. ಶಿಫಾರಸು, ಮಂಜೂರು, ಪೂರ್ಣ ಎಂಬ ಮೂರು ಬೇರೆ ಅಂಕಿಗಳಿವೆ, ಕೊನೆಯದನ್ನು ಮಾತ್ರ ಕೆಲಸ ಎಂದು ಪರಿಗಣಿಸಿ. ಸಂಸದರು ಶಿಫಾರಸು ಮಾಡಬಹುದಷ್ಟೇ, ಮಂಜೂರು ಮಾಡುವುದು ಜಿಲ್ಲಾಡಳಿತ.

ಇನ್ನು ದುಡ್ಡು. ಕರ್ನಾಟಕದಲ್ಲಿ ಲೋಕಸಭಾ ಅಭ್ಯರ್ಥಿಯ ವೆಚ್ಚ ಮಿತಿ 95 ಲಕ್ಷ. 2022ರ ಜನವರಿಯಲ್ಲಿ ನಿಗದಿಯಾದದ್ದು. ನಾಮಪತ್ರದ ದಿನದಿಂದ ಫಲಿತಾಂಶದ ದಿನದವರೆಗಿನ ಖರ್ಚು ಮಾತ್ರ ಇದಕ್ಕೆ ಸೇರುತ್ತದೆ. ಅಭ್ಯರ್ಥಿ ನಾಮಪತ್ರಕ್ಕೆ ಒಂದು ದಿನ ಮೊದಲಾದರೂ ಚುನಾವಣೆಗೆಂದೇ ಬ್ಯಾಂಕ್ ಖಾತೆ ತೆರೆಯಬೇಕು, 10,000 ರೂಪಾಯಿ ಮೀರಿದ ಪಾವತಿ ನಗದಲ್ಲಿ ಮಾಡುವಂತಿಲ್ಲ. ಫಲಿತಾಂಶದ 30 ದಿನದೊಳಗೆ ಲೆಕ್ಕ ಒಪ್ಪಿಸದಿದ್ದರೆ ಮೂರು ವರ್ಷ ಅನರ್ಹತೆ.

ಆ ಕಡತದಲ್ಲಿ ಮೂರು ಬಣ್ಣದ ಹಾಳೆಗಳಿವೆ: ದಿನವಹಿ ಖರ್ಚಿಗೆ ಬಿಳಿ, ನಗದಿಗೆ ಗುಲಾಬಿ, ಬ್ಯಾಂಕಿಗೆ ಹಳದಿ. ಜೊತೆಗೆ ಹಣದ ಮೂಲ ಬರೆದ ಸಾರಾಂಶ ಹೇಳಿಕೆ. ಸ್ವಂತ ಹಣ ಎಷ್ಟು, ಪಕ್ಷ ಕೊಟ್ಟದ್ದೆಷ್ಟು, ಬೇರೆ ವ್ಯಕ್ತಿ ಅಥವಾ ಕಂಪನಿ ಕೊಟ್ಟದ್ದೆಷ್ಟು, ಕೊಟ್ಟವರ ಹೆಸರೇನು. ಮತದಾರನಿಗೆ ಇಷ್ಟು ಹತ್ತಿರದ ದಾಖಲೆ ಇನ್ನೊಂದಿಲ್ಲ. ಇದನ್ನು ನೋಡಲು ಯಾರ ಶಿಫಾರಸೂ ಬೇಡ. 1961ರ ಚುನಾವಣಾ ನಿರ್ವಹಣಾ ನಿಯಮಗಳ 88ನೇ ನಿಯಮದಂತೆ ಒಂದು ರೂಪಾಯಿ ಶುಲ್ಕ ಕಟ್ಟಿ ಯಾರು ಬೇಕಾದರೂ ಪರಿಶೀಲಿಸಬಹುದು, ಆಯೋಗ ಗೊತ್ತುಮಾಡಿದ ಶುಲ್ಕ ಕಟ್ಟಿ ದೃಢೀಕೃತ ನಕಲು ಪಡೆಯಬಹುದು. ಜಿಲ್ಲಾ ಚುನಾವಣಾಧಿಕಾರಿ ಎಂದರೆ ಸಾಮಾನ್ಯವಾಗಿ ಜಿಲ್ಲಾಧಿಕಾರಿ. 2024ರಲ್ಲಿ ಬೆಂಗಳೂರು ನಗರಕ್ಕೆ ಪಾಲಿಕೆಯ ಮುಖ್ಯ ಆಯುಕ್ತರು. ಕ್ಷೇತ್ರ ಎರಡು ಜಿಲ್ಲೆಗೆ ಹರಡಿದ್ದರೆ ನಾಮಪತ್ರ ಸ್ವೀಕರಿಸಿದ ಕಚೇರಿ ಇರುವ ಜಿಲ್ಲೆಗೆ ಹೋಗಿ. ಅರ್ಜಿಯಲ್ಲಿ ನಿಯಮದ ಸಂಖ್ಯೆ, ಅಭ್ಯರ್ಥಿಯ ಹೆಸರು, ಚುನಾವಣೆಯ ವರ್ಷ ಸ್ಪಷ್ಟವಾಗಿ ಬರೆಯಿರಿ. ‘ಮಾಹಿತಿ ಹಕ್ಕಿನಡಿ ಹಾಕಿ’ ಎಂದು ಕಳಿಸಿದರೆ 88ನೇ ನಿಯಮವನ್ನೇ ಮುಂದಿಡಿ.

ಕಡತ ಕೈಗೆ ಬಂದಾಗ ಅಭ್ಯರ್ಥಿಯ ಲೆಕ್ಕದ ಪಕ್ಕದಲ್ಲಿ ನೆರಳು ವೀಕ್ಷಣಾ ದಾಖಲೆ ಕೇಳಿ. ಪ್ರಚಾರದ ವೇಳೆ ವೆಚ್ಚ ತಂಡ ತಾನೇ ಬರೆದಿಟ್ಟ ಪಟ್ಟಿ ಅದು. ಸಭೆಗೆ ಎಷ್ಟು ಕುರ್ಚಿ, ಎಷ್ಟು ವಾಹನ, ಧ್ವನಿವರ್ಧಕ ಎಷ್ಟು, ಜಿಲ್ಲೆಯ ದರಪಟ್ಟಿಯಂತೆ ಬೆಲೆ ಎಷ್ಟು ಎಂದು ಇರುತ್ತದೆ. ಪ್ರಚಾರದ ಅವಧಿಯಲ್ಲಿ ಕನಿಷ್ಠ ಮೂರು ಬಾರಿ ಎರಡನ್ನೂ ತಾಳೆ ನೋಡಬೇಕು. ವ್ಯತ್ಯಾಸ ಎಲ್ಲಿ ಬಂತು, ನೋಟಿಸ್ ಕೊಟ್ಟರೇ, ಅಭ್ಯರ್ಥಿ ಒಪ್ಪಿದರೇ, ಇವೇ ಕಡತದ ತಿರುಳು.

ಇಷ್ಟಾದರೂ ಚಿತ್ರ ಪೂರ್ತಿಯಾಗುವುದಿಲ್ಲ, ಕಾರಣ ಕಾನೂನಿನಲ್ಲೇ ಇದೆ. ಪಕ್ಷದ ಖರ್ಚಿಗೆ ಮಿತಿಯೇ ಇಲ್ಲ. ತಾರಾ ಪ್ರಚಾರಕರ ಹೆಲಿಕಾಪ್ಟರ್ ಬಾಡಿಗೆ ಅಭ್ಯರ್ಥಿಯ ಲೆಕ್ಕಕ್ಕೆ ಬರುವುದಿಲ್ಲ. ಅಭ್ಯರ್ಥಿ ವೇದಿಕೆ ಹಂಚಿಕೊಂಡರೆ ಆ ಸಭೆಯ ಖರ್ಚಿನ ಪಾಲು ಬರುತ್ತದೆ. ಪಕ್ಷಕ್ಕೆ ಬಂದ ದೇಣಿಗೆಯಲ್ಲಿ 20,000 ರೂಪಾಯಿ ಮೀರಿದ್ದು ಮಾತ್ರ ನಮೂನೆ 24ಎಯಲ್ಲಿ ಹೆಸರು ಸಮೇತ ಬರುತ್ತದೆ, ಆಯೋಗದ ತಾಣದಲ್ಲಿ ಸಿಗುತ್ತದೆ. ಆ ದುಡ್ಡು ಯಾವ ಕ್ಷೇತ್ರಕ್ಕೆ ಹೋಯಿತು ಎಂದು ಅದು ಹೇಳುವುದಿಲ್ಲ. 2018ರ ಜನವರಿಯಲ್ಲಿ ಜಾರಿಗೆ ಬಂದ ಚುನಾವಣಾ ಬಾಂಡ್ ಈ ಹೆಸರನ್ನೂ ಮುಚ್ಚಿಟ್ಟಿತ್ತು. ಸುಪ್ರೀಂ ಕೋರ್ಟ್ 2024ರ ಫೆಬ್ರವರಿ 15ರಂದು ಅದನ್ನು ರದ್ದು ಮಾಡಿ ಪಟ್ಟಿ ಹೊರಹಾಕಿಸಿತು. ಮಾರ್ಚ್ 14ರ ಪಟ್ಟಿಯಲ್ಲಿ ಕೊಂಡವರು ಒಂದು ಕಡೆ, ನಗದೀಕರಿಸಿದ ಪಕ್ಷಗಳು ಇನ್ನೊಂದು ಕಡೆ ಇದ್ದವು, ಜೋಡಿಸಲು ದಾರಿಯಿರಲಿಲ್ಲ. ಮಾರ್ಚ್ 21ರಂದು ಬಂದ ಪಟ್ಟಿಯಲ್ಲಿ ಬಾಂಡ್ ಸಂಖ್ಯೆ ಇದೆ. ನೀವು ಇಳಿಸಿಕೊಳ್ಳಬೇಕಾದದ್ದು ಇದನ್ನೇ. ಸಂಸದರ ಅಫಿಡವಿಟ್‌ನಲ್ಲಿ ಕಂಡ ಕಂಪನಿಯ ಹೆಸರು, ವೆಚ್ಚದ ಕಡತದಲ್ಲಿ ಕಂಡ ದಾನಿಯ ಹೆಸರು ಅದರಲ್ಲಿದೆಯೇ ಎಂದು ಹುಡುಕಿ. ಸಿಕ್ಕ ಮಾತ್ರಕ್ಕೆ ತಪ್ಪು ನಡೆದಿದೆ ಎಂದಲ್ಲ, ಆ ದೇಣಿಗೆ ಹೋದದ್ದು ಪಕ್ಷಕ್ಕೆ.

ರಾಜ್ಯಸಭೆಯ 12 ಮಂದಿಯ ವಿಷಯ ಬೇರೆ. ಅವರೂ ನಮೂನೆ 26 ಕೊಡುತ್ತಾರೆ, ಆದರೆ ವೆಚ್ಚದ ಲೆಕ್ಕದ ಕಲಂ ಅವರ ಚುನಾವಣೆಗೆ ಅನ್ವಯಿಸುವುದಿಲ್ಲ, 95 ಲಕ್ಷದ ಮಿತಿಯೂ ಇಲ್ಲ, ಒಂದು ರೂಪಾಯಿಯ ಕಡತವೂ ಇಲ್ಲ. ಅದಕ್ಕೆ ಬದಲಾಗಿ ಲೋಕಸಭೆಯಲ್ಲಿಲ್ಲದ ಒಂದು ದಾಖಲೆ ಅಲ್ಲಿದೆ, ಸದಸ್ಯರ ಹಿತಾಸಕ್ತಿಗಳ ನೋಂದಣಿ. ಸಂಭಾವನೆ ಬರುವ ನಿರ್ದೇಶಕ ಹುದ್ದೆ, ನಿಯಮಿತ ಸಂಪಾದನೆಯ ಚಟುವಟಿಕೆ, ನಿಯಂತ್ರಣದಷ್ಟು ಷೇರು, ಶುಲ್ಕ ಪಡೆಯುವ ಸಲಹೆಗಾರಿಕೆ, ವೃತ್ತಿ ಎಂಬ ಐದು ತಲೆಬರಹದಡಿ ಅವರು ಬರೆದುಕೊಡಬೇಕು. ರಾಜ್ಯಸಭಾ ಸಚಿವಾಲಯಕ್ಕೆ 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಹಾಕಿ, ಸದಸ್ಯರ ಹೆಸರಿನ ಜೊತೆ ಈ ಐದೂ ತಲೆಬರಹಗಳನ್ನು ಬಿಡಿಬಿಡಿಯಾಗಿ ನಮೂದಿಸಿ ಕೇಳಿ.